ಎರಡು ಯುಗಾದಿಗಳ ನೆನಪು

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯವರನ್ನು ‘ಕೊರೊನಾ ಟೈಮಲ್ಲಿ ಹೇಗಿತ್ತು?’ ಎಂದು ಕೇಳಿ ನೋಡಿ. ಮಾತು ಎಲ್ಲಿಂದ ಶುರುವಾಗುತ್ತದೆ ಎಂಬುದರಲ್ಲೇ ಅರ್ಧ ಕತೆ ಇರುತ್ತದೆ. ಕೆಲವರು ಫ್ಯಾಕ್ಟರಿ ಗೇಟಿಗೆ ಬಿದ್ದ ಬೀಗ, ಬಾಕಿ ಉಳಿದ ರೂಮ್ ಬಾಡಿಗೆ, ಲಾಠಿ, ರೇಷನ್ ಕಿಟ್, ಊರಿನ ದಾರಿ ಇವುಗಳಿಂದ ಆರಂಭಿಸುತ್ತಾರೆ. ಅವರ ಪಾಲಿಗೆ ದುರಂತವೆಂದರೆ 2020ರ ಮಾರ್ಚ್‌ನಿಂದ ಮೇವರೆಗಿನ ದಿನಗಳು. ಇನ್ನು ಕೆಲವರು ಬೆಡ್, ಸ್ಯಾಚುರೇಶನ್, ರೆಮ್‌ಡೆಸಿವಿರ್, ಬಿಯು ನಂಬರ್ ಎನ್ನುತ್ತಾ ಬಾಯಿ ತೆರೆಯುತ್ತಾರೆ. ಅವರ ದುರಂತ 2021ರ ಏಪ್ರಿಲ್, ಮೇ ತಿಂಗಳದ್ದು. ಒಂದೇ ರಸ್ತೆಯ ಆಚೀಚೆ ಬದುಕಿದವರು ಅವರು. ಒಬ್ಬರು ಕಟ್ಟಿದ ಕಟ್ಟಡದಲ್ಲಿ ಇನ್ನೊಬ್ಬರು ಕೆಲಸ ಮಾಡಿದವರು. ಆದರೂ ಅವರ ನೆನಪಿನ ಪಂಚಾಂಗವೇ ಬೇರೆ ಬೇರೆ.

ಸರ್ಕಾರದ ಕಡತದಲ್ಲಿ, ಪಠ್ಯಪುಸ್ತಕದಲ್ಲಿ, ಟಿವಿ ಚರ್ಚೆಯಲ್ಲಿ ಇದಕ್ಕೆಲ್ಲ ಒಂದೇ ಹೆಸರು: ಕೋವಿಡ್-19. ನನಗೆ ಮಾತ್ರ ಬೆಂಗಳೂರಿನ ಹೊರವಲಯ ಎರಡು ದುರಂತಗಳನ್ನು ಕಂಡಿತು ಎಂದೇ ಅನಿಸುತ್ತದೆ. ಒಂದು ಹಸಿವು ಮತ್ತು ರಸ್ತೆಯದು, ಇನ್ನೊಂದು ಉಸಿರು ಮತ್ತು ಹಾಸಿಗೆಯದು. ಎರಡನೆಯದರ ನೆನಪು ಬರಹದಲ್ಲಿ, ಫೋನಿನಲ್ಲಿ, ಸಂಬಂಧಿಕರ ಮಾತುಕತೆಯಲ್ಲಿ ತಕ್ಕಮಟ್ಟಿಗೆ ಉಳಿದಿದೆ. ಮೊದಲನೆಯದು ಬಾಯಿಮಾತಿನಲ್ಲಷ್ಟೇ ಇದ್ದು, ಆ ಬಾಯಿಗಳು ಊರೂರಿಗೆ ಚದುರಿಹೋಗಿವೆ. ಯಾವ ನೆನಪು ಎಲ್ಲಿ ಉಳಿದಿದೆ, ಯಾವುದು ಏಕೆ ಕೈತಪ್ಪುತ್ತಿದೆ ಎಂದು ನೋಡುವುದು ಈ ಲೇಖನದ ಕೆಲಸ.

ಮೊದಲ ದಿನಗಳನ್ನು ಸ್ವಲ್ಪ ಜ್ಞಾಪಿಸಿಕೊಳ್ಳೋಣ. ರಾಜ್ಯದ ಮೊದಲ ಪ್ರಕರಣ ಬೆಂಗಳೂರಿನಲ್ಲಿ 2020ರ ಮಾರ್ಚ್ 9ರಂದು ಪ್ರಕಟವಾಯಿತು. ಅಮೆರಿಕದಿಂದ ಮರಳಿದ್ದ ಐಟಿ ಉದ್ಯೋಗಿಯೊಬ್ಬರಿಗೆ ಸೋಂಕು ತಗಲಿತ್ತು. ಮರುದಿನ ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಅದು ದೇಶದ ಮೊದಲ ಕೊರೊನಾ ಸಾವೆಂದು ದಾಖಲಾಯಿತು. ಮಾರ್ಚ್ 11ರಂದು ರಾಜ್ಯ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ನಿಯಮಾವಳಿ ಹೊರಡಿಸಿತು. ಮಾರ್ಚ್ 14ರಿಂದ ಮಾಲ್, ಸಿನಿಮಾ ಮಂದಿರ ಬಂದ್ ಆದವು, ಐಟಿ ಕಂಪನಿಗಳಿಗೆ ಮನೆಯಿಂದಲೇ ಕೆಲಸ ಮಾಡಿಸಲು ಸೂಚನೆ ಹೋಯಿತು. ಅಲ್ಲಿಂದ ಮುಂದಿನ ವಾರವೊಂದಿದೆಯಲ್ಲ, ಅದನ್ನು ಯಾರೂ ಹೆಚ್ಚು ನೆನೆಯುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳಿಂದ ಲ್ಯಾಪ್‌ಟಾಪ್‌ಗಳು ಮನೆ ಸೇರುತ್ತಿದ್ದಾಗ ಪೀಣ್ಯದಲ್ಲಿ ಶಿಫ್ಟ್‌ಗಳು ನಡೆಯುತ್ತಲೇ ಇದ್ದವು. ಲೇತ್ ಮೆಷಿನನ್ನು ಮನೆಗೆ ಒಯ್ಯಲಾಗುವುದಿಲ್ಲ. ಎರಡು ನೆನಪುಗಳ ಬಿರುಕು ಬಿಟ್ಟದ್ದು ಆ ವಾರದಲ್ಲೇ.

ಮಾರ್ಚ್ 22ರಂದು ಜನತಾ ಕರ್ಫ್ಯೂ ನಡೆಯಿತು. 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಭಾಷಣ, ನಡುರಾತ್ರಿಯಿಂದ 21 ದಿನಗಳ ಲಾಕ್‌ಡೌನ್. ಬೆಳಗಾದರೆ ಶಾರ್ವರಿ ಸಂವತ್ಸರದ ಯುಗಾದಿ. ಹಬ್ಬಕ್ಕೆ ಊರಿಗೆ ಹೋಗುವುದು ಇಲ್ಲಿನ ದುಡಿಯುವವರ ವರ್ಷಾವಧಿ ಪದ್ಧತಿ. ಆ ಸಲ ಭಯವೂ ಸೇರಿ ಗೊರಗುಂಟೆಪಾಳ್ಯದಲ್ಲಿ, ಎಂಟನೇ ಮೈಲಿಯಲ್ಲಿ ಗಂಟುಮೂಟೆ ಹೊತ್ತವರ ಗುಂಪು ಹಬ್ಬಕ್ಕೆ ಮೊದಲೇ ಸೇರಿತ್ತು. ಬಸ್ಸು, ಲಾರಿ, ತರಕಾರಿ ಟೆಂಪೊ, ಸಿಕ್ಕಿದ್ದನ್ನು ಹತ್ತಿದರು. ಸಿಗದವರು ತುಮಕೂರು ರಸ್ತೆ ಹಿಡಿದು ನಡೆದರು. ಅತ್ತ ಎಷ್ಟೋ ಹಳ್ಳಿಗಳಲ್ಲಿ ಊರ ಬಾಗಿಲಿಗೆ ಮುಳ್ಳಿನ ಬೇಲಿ ಬಿತ್ತು, ಕೆಲವು ಕಡೆ ರಸ್ತೆಯನ್ನೇ ಅಗೆದರು. ‘ಬೆಂಗಳೂರಿನಿಂದ ಬಂದವರು’ ಎಂಬುದು ಬೈಗುಳವಾಯಿತು. ದುಡಿಮೆಗೆ ಬಂದ ನಗರ ಬಾಗಿಲು ಹಾಕಿತು, ಹುಟ್ಟಿದ ಊರು ದಾರಿ ಮುಚ್ಚಿತು. ರಾಯಚೂರು, ಯಾದಗಿರಿ, ಕೊಪ್ಪಳ ಕಡೆಯ ಕಾರ್ಮಿಕರು ಇವತ್ತಿಗೂ ನೋವಿನಿಂದ ಹೇಳುವುದು ಆ ಬೇಲಿಯ ಸಂಗತಿಯನ್ನೇ. ಪೊಲೀಸರ ಏಟನ್ನು ಮರೆತವರೂ ಅದನ್ನು ಮರೆತಿಲ್ಲ.

ಪೀಣ್ಯವೆಂದರೆ ಏನೆಂದು ಅಲ್ಲಿ ಬದುಕದವರಿಗೆ ಸ್ವಲ್ಪ ಹೇಳಬೇಕು. 1970ರ ದಶಕದಲ್ಲಿ ಬೆಳೆಯತೊಡಗಿದ ಈ ಕೈಗಾರಿಕಾ ಪ್ರದೇಶದ ಜೀವಾಳ ಸಣ್ಣ ಘಟಕಗಳು. ಟರ್ನಿಂಗ್, ಮಿಲ್ಲಿಂಗ್, ಪ್ರೆಸ್, ಪ್ಲೇಟಿಂಗ್, ಪೌಡರ್ ಕೋಟಿಂಗ್, ಗಾರ್ಮೆಂಟ್ಸ್. ದೊಡ್ಡ ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುವ, ಹತ್ತು ಹದಿನೈದು ಜನರ ಶೆಡ್ಡುಗಳೇ ಹೆಚ್ಚು. ಅಲ್ಲಿ ದುಡಿಯುವವರು ದಾಸರಹಳ್ಳಿ, ಹೆಗ್ಗನಹಳ್ಳಿ, ಲಗ್ಗೆರೆ, ರಾಜಗೋಪಾಲನಗರ, ಅಂದ್ರಹಳ್ಳಿಗಳಲ್ಲಿ ಶೀಟು ಮನೆ, ಸಾಲು ರೂಮುಗಳಲ್ಲಿರುತ್ತಾರೆ. ಹತ್ತಡಿ ಕೋಣೆಯಲ್ಲಿ ನಾಲ್ವರು, ಶಿಫ್ಟ್ ಪ್ರಕಾರ ಮಲಗುವವರು. ಇಬ್ಬರು ಒಳಗಿದ್ದರೆ ಇಬ್ಬರು ಹೊರಗಿರುತ್ತಾರೆ ಎಂಬ ಲೆಕ್ಕದ ಮೇಲೆ ನಿಂತ ಬದುಕು ಅದು. ಎಲ್ಲರೂ ಒಟ್ಟಿಗೆ ಒಳಗಿರಿ ಎಂದಾಗ ಆ ಲೆಕ್ಕವೇ ಮುರಿದುಬಿತ್ತು.

ನಾನಾಗ ಜಾಲಹಳ್ಳಿ ಕ್ರಾಸ್ ಬಳಿ ವಾಸವಿದ್ದೆ. ಮನೆಯೆದುರಿನ ಶೆಡ್ಡಿನಿಂದ ಹಗಲೆಲ್ಲ ಬರುತ್ತಿದ್ದ ಪೌಡರ್ ಕೋಟಿಂಗ್ ವಾಸನೆ ಎರಡೇ ದಿನಕ್ಕೆ ನಿಂತುಹೋಗಿ, ಅದರ ಬದಲು ಸಾಲು ಮನೆಗಳ ಮೆಟ್ಟಿಲ ಮೇಲೆ ಸುಮ್ಮನೆ ಕೂತ ಗಂಡಸರ ಗುಂಪು ಕಾಣತೊಡಗಿತು. ಮೊದಮೊದಲು ಅವರು ಫೋನಿನಲ್ಲಿ ಸಿನಿಮಾ ನೋಡುತ್ತಿದ್ದರು. ಆಮೇಲೆ ರೀಚಾರ್ಜ್‌ಗೆ ಕಾಸಿಲ್ಲದೆ ಅದೂ ನಿಂತಿತು. ಏಪ್ರಿಲ್ ಕೊನೆಯ ಹೊತ್ತಿಗೆ ಕೆಲವು ಕೋಣೆಗಳು ಖಾಲಿ. ಬಾಡಿಗೆ ಬಾಕಿಗೆಂದು ಟಿವಿಯನ್ನೊ ಗ್ಯಾಸ್ ಒಲೆಯನ್ನೊ ಬಿಟ್ಟು ಹೋದರಂತೆ. ಅವರ ಹೆಸರುಗಳನ್ನು ನಾನು ಕೇಳಿಟ್ಟುಕೊಂಡಿರಲಿಲ್ಲ, ಬೀದಿಯಲ್ಲಿ ಯಾರೂ ಕೇಳಿಟ್ಟುಕೊಂಡಿರಲಿಲ್ಲ.

ಹಸಿವಿನ ದಾಖಲೆ ಒಂದಿಷ್ಟು ಸಿಗುವುದು ಅಧ್ಯಯನ ವರದಿಗಳಲ್ಲಿ. ಸ್ಟ್ರ್ಯಾಂಡೆಡ್ ವರ್ಕರ್ಸ್ ಆ್ಯಕ್ಷನ್ ನೆಟ್‌ವರ್ಕ್, ಅಂದರೆ ಸ್ವಾನ್, ಕಾರ್ಮಿಕರಿಗೆ ಫೋನಿನಲ್ಲಿ ನೆರವಾಗುತ್ತಲೇ ಅವರ ಸ್ಥಿತಿಯನ್ನೂ ಬರೆದಿಟ್ಟುಕೊಂಡಿತು. ಏಪ್ರಿಲ್ ನಡುವೆ ಅದು ಹೊರತಂದ ವರದಿ ದೇಶದ ನಾನಾ ಕಡೆ ಸಿಕ್ಕಿಕೊಂಡಿದ್ದ 11,159 ಕಾರ್ಮಿಕರ ಮಾತನ್ನು ಆಧರಿಸಿತ್ತು. ಅವರಲ್ಲಿ ನೂರಕ್ಕೆ 96 ಮಂದಿಗೆ ಸರ್ಕಾರದಿಂದ ರೇಷನ್ ತಲುಪಿರಲಿಲ್ಲ. ವರ್ಷದ ಬಳಿಕ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ತನ್ನ ದುಡಿಯುವ ಭಾರತದ ವರದಿಯಲ್ಲಿ, ಈ ಅವಧಿಯಲ್ಲಿ ಇನ್ನೂ 23 ಕೋಟಿ ಜನ ಕನಿಷ್ಠ ಕೂಲಿಯ ಬಡತನ ರೇಖೆಗಿಂತ ಕೆಳಗೆ ಜಾರಿದರೆಂದು ಲೆಕ್ಕ ಹಾಕಿತು. ಸಂಖ್ಯೆಗಳು ಬೇಕೇ ಬೇಕು. ಆದರೆ 96 ಎಂಬ ಅಂಕಿಯೊಳಗೆ ಆಧಾರ್ ಊರಿನದು, ಕಾರ್ಡು ಊರಿನದು, ಹೊಟ್ಟೆ ಮಾತ್ರ ಪೀಣ್ಯದ್ದು ಎಂಬ ಫಜೀತಿ ಕಾಣುವುದಿಲ್ಲ.

ಊರಿಗೆ ಕಳಿಸುವ ವಿಷಯ ಬಂದಾಗ ನಡೆದದ್ದನ್ನು ವಿವರವಾಗಿಯೇ ಹೇಳಬೇಕು. ಮೇ ಮೊದಲ ವಾರ ರಾಜ್ಯದೊಳಗಿನ ಕಾರ್ಮಿಕರಿಗೆ ಬಸ್ ಬಿಟ್ಟರು. ಖಾಲಿ ಬಸ್ ಹಿಂತಿರುಗುವ ಖರ್ಚನ್ನೂ ಸೇರಿಸಿ ಹೆಚ್ಚಿನ ದರ ಕೇಳಲಾಯಿತು. ಐದಾರು ವಾರ ಕೂಲಿಯಿಲ್ಲದೆ ಕೂತವರ ಕೈಲಿ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಗದ್ದಲವೆದ್ದಿತು, ಕೆಪಿಸಿಸಿ ಒಂದು ಕೋಟಿ ರೂಪಾಯಿಯ ಚೆಕ್ ಹಿಡಿದು ಮುಂದೆ ಬಂತು, ಮೇ 3ರಿಂದ ಪ್ರಯಾಣ ಉಚಿತವಾಯಿತು. ಹೊರ ರಾಜ್ಯದವರಿಗೆ ಅದೇ ಮೇ 3ರಂದು ಪೀಣ್ಯಕ್ಕೆ ಸಮೀಪದ ಚಿಕ್ಕಬಾಣಾವರದಿಂದ ಶ್ರಮಿಕ್ ರೈಲು ಹೊರಟಿತು. ಎರಡೇ ದಿನ. ಮೇ 5ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಕಟ್ಟಡ ನಿರ್ಮಾಣ ಉದ್ಯಮಿಗಳ ಜೊತೆ ಸಭೆ ನಡೆಸಿದರು. ಅದರ ಬೆನ್ನಿಗೇ ರೈಲು ಬೇಡವೆಂದು ರಾಜ್ಯ ರೈಲ್ವೆಗೆ ಬರೆಯಿತು. ಕೆಲಸ ಮತ್ತೆ ಶುರುವಾಗುತ್ತಿದೆ, ಜನ ಹೋದರೆ ಕೈಗಳಿರುವುದಿಲ್ಲ ಎಂಬುದು ಅದರ ಹಿಂದಿನ ಲೆಕ್ಕ. ಮರುದಿನ 1,610 ಕೋಟಿ ರೂಪಾಯಿಯ ಪರಿಹಾರ ಘೋಷಣೆಯೂ ಆಯಿತು. ದೇಶದುದ್ದಕ್ಕೂ ಟೀಕೆ ಬಂದ ಮೇಲೆ ರೈಲುಗಳು ಮತ್ತೆ ಹೊರಟವು. ಆ ದಿನಗಳಲ್ಲೇ ತುಮಕೂರು ರಸ್ತೆಯ ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದ ಬಳಿ ನೆರೆದಿದ್ದ ಕಾರ್ಮಿಕರಿಗೂ ಪೊಲೀಸರಿಗೂ ಘರ್ಷಣೆಯಾಯಿತು.

ಆ ಪತ್ರ ಬರೆದ ದಿನವನ್ನು ಈ ವಲಯದ ಇತಿಹಾಸದ ಅತಿ ಕಹಿಯಾದ ದಿನಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ. ಸೋಂಕು ಯಾರ ತಪ್ಪೂ ಆಗಿರಲಿಲ್ಲ. ಲಾಕ್‌ಡೌನ್ ಆತುರದ್ದಾದರೂ ಅದರ ಹಿಂದೆ ಜೀವ ಉಳಿಸುವ ಉದ್ದೇಶವಿತ್ತು. ಹೋಗುತ್ತೇನೆಂದವನನ್ನು ಹೋಗಬೇಡ ಎಂದು ತಡೆದದ್ದಕ್ಕೆ ಅಂಥ ಯಾವ ಸಮರ್ಥನೆಯೂ ಇರಲಿಲ್ಲ. ಅದೇ ತಿಂಗಳ 22ರಂದು ಕಾರ್ಖಾನೆಗಳ ಕೆಲಸದ ಅವಧಿಯನ್ನು ದಿನಕ್ಕೆ ಹತ್ತು ಗಂಟೆಗೆ, ವಾರಕ್ಕೆ 60 ಗಂಟೆಗೆ ಏರಿಸುವ ಅಧಿಸೂಚನೆ ಬಂತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಬಳಿಕ ಜೂನ್‌ನಲ್ಲಿ ಅದನ್ನು ಹಿಂಪಡೆಯಲಾಯಿತು. ಇವೆಲ್ಲ ಪತ್ರಿಕೆಗಳಲ್ಲಿ ಬಂದಿವೆ, ಕಡತದಲ್ಲಿವೆ. ಅವುಗಳನ್ನು ಅನುಭವಿಸಿದವರು ಏನೆಂದುಕೊಂಡರು ಎಂಬುದು ಎಲ್ಲೂ ಇಲ್ಲ.

ಐಟಿ ಕಡೆಯಲ್ಲೂ 2020 ಕಂಡವರಿದ್ದಾರೆ, ಅವರನ್ನು ಐಟಿಯವರೆಂದು ಯಾರೂ ಕರೆಯುವುದಿಲ್ಲ ಅಷ್ಟೆ. ವೈಟ್‌ಫೀಲ್ಡ್, ಮಾರತ್ತಹಳ್ಳಿ, ಬೆಳ್ಳಂದೂರಿನ ಅಪಾರ್ಟ್‌ಮೆಂಟುಗಳ ಗೇಟು ಮನೆಗೆಲಸದ ಹೆಂಗಸರಿಗೆ ಮುಚ್ಚಿತು. ನಗರದ ಮನೆಗೆಲಸದವರ ಸಂಘಟನೆಗಳು ಆಗ ನಡೆಸಿದ ಸಮೀಕ್ಷೆಯಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ತಮಗೆ ಏಪ್ರಿಲ್ ಸಂಬಳ ಸಿಗಲಿಲ್ಲ ಎಂದರು. ಕ್ಯಾಬ್ ಚಾಲಕರು ಸಾಲದ ಕಂತು ಕಟ್ಟಲಾಗದೆ ಕೂತರು. ಟೆಕ್ ಪಾರ್ಕ್ ಮುಂದಿನ ಚಹಾ ಗಾಡಿಗಳು, ಪಿ.ಜಿ. ಹಾಸ್ಟೆಲ್ ಅಡುಗೆಯವರು, ಸೆಕ್ಯುರಿಟಿಯವರು ಎಲ್ಲರದೂ ಅದೇ ಪಾಡು. ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಂತೂ ದುರಂತ ಎರಡು ತಿಂಗಳು ಮುಂಚೆಯೇ ಬಂದಿತ್ತು. 2020ರ ಜನವರಿ 18, 19ರಂದು ಅಲ್ಲಿನ ಶೆಡ್ಡುಗಳನ್ನು ‘ಬಾಂಗ್ಲಾದೇಶಿಗಳು’ ಎಂಬ ನೆಪದಲ್ಲಿ ಕೆಡವಲಾಯಿತು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ಹೈಕೋರ್ಟು ಆ ಕ್ರಮವನ್ನು ಒಪ್ಪಲಿಲ್ಲ. ಸೂರು ಕಳೆದುಕೊಂಡು ಹೊಸ ಶೀಟು ಹೊಂದಿಸುವಷ್ಟರಲ್ಲಿ ‘ಮನೆಯಲ್ಲೇ ಇರಿ’ ಎಂಬ ಆದೇಶ ಬಂತು. ಎಲೆಕ್ಟ್ರಾನಿಕ್ ಸಿಟಿ ದಾರಿಯ ಹೊಂಗಸಂದ್ರದಲ್ಲಿ ಏಪ್ರಿಲ್‌ನಲ್ಲಿ ಕಾರ್ಮಿಕರ ನಡುವೆ ಸೋಂಕು ಹಬ್ಬಿದಾಗ ಇಡೀ ಬಡಾವಣೆ ಸೀಲ್‌ಡೌನ್ ಆಯಿತು. ಸೋಂಕಿತರೆಲ್ಲ ‘ಪಿ’ ಅಕ್ಷರದ ಮುಂದಿನ ಅಂಕಿಗಳಾಗಿ ಸಂಜೆಯ ಬುಲೆಟಿನ್‌ನಲ್ಲಿ ಬಂದರು. ರೋಗಿಗೆ ಮೊದಲು ಹೋದದ್ದು ಹೆಸರು.

ಎರಡನೆಯ ಯುಗಾದಿ 2021ರ ಏಪ್ರಿಲ್ 13, ಪ್ಲವ ಸಂವತ್ಸರ. ಸಾರಿಗೆ ನೌಕರರ ಮುಷ್ಕರದಿಂದ ಸರ್ಕಾರಿ ಬಸ್‌ಗಳು ನಿಂತಿದ್ದವು. ಹಬ್ಬದ ಬೇವು ಬೆಲ್ಲ ಹಂಚಿ ಮುಗಿಯುವಷ್ಟರಲ್ಲಿ ನಗರ ಉಸಿರಿಗೆ ಪರದಾಡತೊಡಗಿತು. ಏಪ್ರಿಲ್ 27ರ ರಾತ್ರಿಯಿಂದ ಕರ್ಫ್ಯೂ, ಮೇ 10ರಿಂದ ಲಾಕ್‌ಡೌನ್. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ ಐವತ್ತು ಸಾವಿರಕ್ಕೂ ಹೆಚ್ಚು ಪ್ರಕರಣ ದಾಖಲಾದವು. ಬೆಂಗಳೂರಿನಲ್ಲಿ ಪರೀಕ್ಷೆ ಪಾಸಿಟಿವ್ ಬಂದವರಿಗೆ ಬಿಯು ನಂಬರ್ ಎಂಬುದೊಂದು ಬರಬೇಕಿತ್ತು, ಅದಿಲ್ಲದೆ ಸರ್ಕಾರಿ ಕೋಟಾದ ಬೆಡ್ ಸಿಗುತ್ತಿರಲಿಲ್ಲ. ರಾತ್ರಿಯಿಡೀ ಫೋನ್ ಹಿಡಿದು ಆ ನಂಬರಿಗೆ ಕಾದದ್ದು, ಆಕ್ಸಿಮೀಟರಿನಲ್ಲಿ 88, 84 ಎಂದು ಇಳಿಯುವುದನ್ನು ನೋಡುತ್ತ ಕೂತದ್ದು, ವಾರ್ ರೂಮ್‌ನಿಂದ ಕರೆ ಬರುವಷ್ಟರಲ್ಲಿ ಎಲ್ಲ ಮುಗಿದದ್ದು. ಮಹದೇವಪುರದಲ್ಲಿ, ಬೊಮ್ಮನಹಳ್ಳಿಯಲ್ಲಿ ಈ ಕತೆ ಇಲ್ಲದ ಅಪಾರ್ಟ್‌ಮೆಂಟ್ ಸಿಗುವುದು ಕಷ್ಟ.

ಮೇ 2ರ ರಾತ್ರಿ ಕಳೆದು 3ರ ಬೆಳಗಾಗುವ ಹೊತ್ತಿಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ ಸಂಭವಿಸಿದ 24 ಸಾವುಗಳು ರಾಜ್ಯವನ್ನೇ ನಡುಗಿಸಿದವು. ಕರ್ನಾಟಕಕ್ಕೆ ದಿನಕ್ಕೆ 1,200 ಟನ್ ಆಕ್ಸಿಜನ್ ಕೊಡಬೇಕೆಂದು ಹೈಕೋರ್ಟು ಕೇಂದ್ರಕ್ಕೆ ಹೇಳಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟು ಆ ಆದೇಶದಲ್ಲಿ ಕೈಹಾಕಲಿಲ್ಲ. ಮೇ 11ರಂದು ರಾಜ್ಯದ ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ ಟಾಟಾನಗರದಿಂದ ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೊಗೆ ಬಂದಿಳಿಯಿತು. ಆರು ಕಂಟೇನರ್, 120 ಟನ್. ಸಾಫ್ಟ್‌ವೇರ್ ಮತ್ತು ಸರಕಿನ ನಡುವೆ ಸರಕನ್ನು ಯಾವಾಗಲೂ ಹಿಂದಿಡುವ ವೈಟ್‌ಫೀಲ್ಡ್‌ಗೆ ಆ ಬೆಳಗ್ಗೆ ತನ್ನ ಡಿಪೊದ ಬೆಲೆ ತಿಳಿಯಿತು.

ಪೀಣ್ಯದ ಆಕ್ಸಿಜನ್ ನೆನಪು ಬೇರೆಯದು. ಏಪ್ರಿಲ್ 22ರಿಂದ, ಕೆಲವು ಉದ್ಯಮಗಳನ್ನು ಬಿಟ್ಟು, ಕೈಗಾರಿಕೆಗೆ ಆಕ್ಸಿಜನ್ ಪೂರೈಕೆಯನ್ನು ಕೇಂದ್ರ ನಿಲ್ಲಿಸಿತು. ಗ್ಯಾಸ್ ಕಟಿಂಗ್ ಇಲ್ಲದೆ ಫ್ಯಾಬ್ರಿಕೇಶನ್ ಶೆಡ್ಡುಗಳು ಮತ್ತೆ ಬಾಗಿಲು ಹಾಕಿದವು. ಸಿಲಿಂಡರ್‌ಗಳು ಆಸ್ಪತ್ರೆಗಳತ್ತ ಹೋದವು. ಹೋಗಬೇಕಾದದ್ದೇ, ಯಾರೂ ಗೊಣಗಲಿಲ್ಲ. ಹಿಂದಿನ ವರ್ಷ ಪಕ್ಕದ ಜಾಲಹಳ್ಳಿಯ ಬಿಇಎಲ್, ಮೈಸೂರಿನ ಸ್ಕ್ಯಾನ್‌ರೇ ಮತ್ತು ಡಿಆರ್‌ಡಿಒ ಜೊತೆ ಸೇರಿ ದೇಶಕ್ಕೆ 30,000 ವೆಂಟಿಲೇಟರ್ ಮಾಡಿಕೊಟ್ಟಿತ್ತು. ಈ ಭಾಗದ ಮೆಷಿನ್ ಕೆಲಸದವರ ನೆನಪಿನಲ್ಲಿ ಹೆಮ್ಮೆಗೂ ಜಾಗವಿದೆ. ದುರಂತದ ಕತೆ ಸಂಗ್ರಹಿಸುವವರು ಅದನ್ನೂ ಕೇಳಬೇಕು.

ಎರಡನೆಯ ಅಲೆಯಲ್ಲಿ ಕಾರ್ಮಿಕರು ಬಚಾವಾದರು ಎಂದೇನೂ ಇಲ್ಲ. ಅವರ ಸಾವುಗಳು ಹೆಚ್ಚಾಗಿ ಪರೀಕ್ಷೆಯೂ ಇಲ್ಲದೆ, ನಂಬರೂ ಇಲ್ಲದೆ ಕೋಣೆಯೊಳಗೋ ಊರಿನಲ್ಲೋ ಆದವು. ಲಸಿಕೆ ಬಂದಾಗ ಅಪಾರ್ಟ್‌ಮೆಂಟುಗಳ ಆವರಣದಲ್ಲೇ ಖಾಸಗಿ ಆಸ್ಪತ್ರೆಗಳು ಶಿಬಿರ ನಡೆಸಿದವು, ಪ್ರಾಥಮಿಕ ಆರೋಗ್ಯ ಕೇಂದ್ರದ ಮುಂದೆ ಗಾರ್ಮೆಂಟ್ಸ್ ಹೆಂಗಸರು ಬೆಳಗಿನ ಜಾವದಿಂದ ಸರತಿಯಲ್ಲಿ ನಿಂತರು. ಲಸಿಕೆಯ ಕೋವಿನ್ ತಾಣದಲ್ಲಿ ಕನ್ನಡ ಸೇರಿದ್ದು 2021ರ ಜೂನ್‌ನಲ್ಲಿ.

ಇನ್ನು ಸ್ಮಶಾನಗಳು. ಕೋವಿಡ್ ಶವಗಳಿಗೆಂದು ಪಾಲಿಕೆ ಗುರುತಿಸಿದ ವಿದ್ಯುತ್ ಚಿತಾಗಾರಗಳ ಪಟ್ಟಿ ನೋಡಿದರೆ ಕೂಡ್ಲು, ಪಣತ್ತೂರು, ಪೀಣ್ಯ ಮೂರೂ ಅದರಲ್ಲಿವೆ. ಎಲೆಕ್ಟ್ರಾನಿಕ್ ಸಿಟಿ ದಿಕ್ಕಿಗೆ ಒಂದು, ವೈಟ್‌ಫೀಲ್ಡ್ ದಿಕ್ಕಿಗೆ ಒಂದು, ಕೈಗಾರಿಕಾ ಪ್ರದೇಶದ ಮಡಿಲಲ್ಲೇ ಒಂದು. ಕುಲುಮೆಗಳು ಬಿಡುವಿಲ್ಲದೆ ಉರಿದವು, ಹೊರಗೆ ಆ್ಯಂಬುಲೆನ್ಸ್ ಸಾಲು. ಸಾಲದೆ ಬಂದು ತಾವರೆಕೆರೆ ಬಳಿಯ ಗಿಡ್ಡೇನಹಳ್ಳಿಯಲ್ಲಿ ಬಯಲಲ್ಲೇ ಸೌದೆ ಒಟ್ಟಿದರು. ಯಾರೂ ಒಯ್ಯದ ಐನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು 2021ರ ಜೂನ್ ಮೊದಲ ವಾರ ಆಗಿನ ಕಂದಾಯ ಸಚಿವ ಆರ್. ಅಶೋಕ ಅವರು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಯಲ್ಲಿ ವಿಸರ್ಜಿಸಿದರು. ಅದೇ ವರ್ಷದ ನವೆಂಬರ್‌ನಲ್ಲಿ ಬಯಲಾದ ಸಂಗತಿಯನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ: ಕಾರ್ಮಿಕರ ವಿಮಾ ಆಸ್ಪತ್ರೆಯಾದ ರಾಜಾಜಿನಗರದ ಇಎಸ್‌ಐ ಶವಾಗಾರದಲ್ಲಿ 2020ರ ಜುಲೈನಲ್ಲಿ ತೀರಿಕೊಂಡ ಇಬ್ಬರ ದೇಹಗಳು ಹಾಗೇ ಉಳಿದುಬಿಟ್ಟಿದ್ದವು. ಸುಮಾರು ಹದಿನಾರು ತಿಂಗಳು.

ಇಷ್ಟೆಲ್ಲ ನಡೆದಾಗ ಯಾರು ಬರೆದಿಟ್ಟರು? ಎರಡನೆಯ ಅಲೆಯನ್ನು ದಾಖಲಿಸಿದವು ಫೋನುಗಳು. ಬೆಡ್ ಎಲ್ಲಿದೆ, ಕಾನ್ಸಂಟ್ರೇಟರ್ ಯಾರ ಬಳಿ ಇದೆ ಎಂದು ಐಟಿ ಹುಡುಗರು ಹುಡುಗಿಯರು ರಾತ್ರಿ ಹಗಲು ಪಟ್ಟಿ ಮಾಡಿ ಹಂಚಿದರು. ಆ ಸಂದೇಶಗಳು, ವಾಟ್ಸ್‌ಆ್ಯಪ್ ಗುಂಪುಗಳು, ಅಗಲಿದ ತಂದೆ ತಾಯಿಯ ಬಗ್ಗೆ ಮಕ್ಕಳು ಬರೆದ ಟಿಪ್ಪಣಿಗಳು ಇವತ್ತಿಗೂ ಎಲ್ಲೋ ಇವೆ. ಬಹುಪಾಲು ಇಂಗ್ಲಿಷಿನಲ್ಲಿ. ಮೊದಲನೆಯ ಅಲೆಯಲ್ಲಿ ನಡೆದವರ ಕೈಯಲ್ಲೂ ಫೋನ್ ಇತ್ತು, ವಿಡಿಯೊ ತೆಗೆದರು, ಅತ್ತರು, ಬೈದರು. ಆ ಫೋನುಗಳು ಒಡೆದಿವೆ, ಅಡವಿಗೆ ಹೋಗಿವೆ, ನಂಬರ್ ಬದಲಾಗಿವೆ. ಗ್ರಾಮೀಣ ಭಾರತದ ಜನಪರ ದಾಖಲೆಯಾದ ಪರಿ, ಲಾಕ್‌ಡೌನಿನ ಎಷ್ಟೋ ವರದಿಗಳನ್ನು ಪ್ರಕಟಿಸಿದೆ, ಅದರ ಬರಹಗಳು ಕನ್ನಡದಲ್ಲೂ ಬರುತ್ತವೆ. ಸಿನಿಮಾದಲ್ಲಿ ಉತ್ಸವ್ ಗೋನವಾರ ಅವರ ‘ಫೋಟೋ’ ಇದೆ, 2024ರಲ್ಲಿ ತೆರೆಗೆ ಬಂತು. ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳುವ ಆಸೆಯಿಂದ ರಾಯಚೂರು ಸೀಮೆಯಿಂದ ಬಂದ ಹುಡುಗ, ಬೆಂಗಳೂರಲ್ಲಿ ದುಡಿಯುವ ಅಪ್ಪ, ನಡುವೆ ಲಾಕ್‌ಡೌನ್. ಆ ಭಾಗದ ಕನ್ನಡದಲ್ಲೇ ಆ ಭಾಗದ ನೋವನ್ನು ಹೇಳಿದ ಚಿತ್ರವದು. ಎರಡು ಗಂಟೆಯೊಳಗೆ ಅದು ಮಾಡಿದ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಸಮಾಜಶಾಸ್ತ್ರ ವಿಭಾಗಗಳು ಇನ್ನೂ ಮಾಡಬೇಕಿದೆ.

ಬಾಯಿಮಾತನ್ನು ನಂಬಬಹುದೇ ಎಂಬ ಪ್ರಶ್ನೆ ಇಲ್ಲಿ ಸಹಜ. ಪೀಣ್ಯದ ಸಣ್ಣ ಉದ್ಯಮಿಗಳನ್ನು ಮಾತಾಡಿಸಿದರೆ ‘ನೋಟ್ ಬ್ಯಾನ್, ಜಿಎಸ್‌ಟಿ, ಕೊರೊನಾ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ನೋಟು ರದ್ದತಿ 2016ರ ನವೆಂಬರ್ 8, ಜಿಎಸ್‌ಟಿ 2017ರ ಜುಲೈ 1, ಲಾಕ್‌ಡೌನ್ 2020ರ ಮಾರ್ಚ್. ನಡುವಿನ ಮೂರೂವರೆ ವರ್ಷ ಮಾತಿನಲ್ಲಿ ಕರಗಿಹೋಗುತ್ತದೆ, ಎರಡು ಬಾರಿಯೂ ರಾತ್ರಿ ಎಂಟಕ್ಕೇ ಬಂದ ಭಾಷಣಗಳು ಒಂದರೊಳಗೊಂದು ಬೆರೆಯುತ್ತವೆ. ಇಟಲಿಯ ಮೌಖಿಕ ಇತಿಹಾಸಕಾರ ಅಲೆಸ್ಸಾಂಡ್ರೊ ಪೋರ್ತೆಲ್ಲಿ ಇಂಥದ್ದನ್ನೇ ತೆರ್ನಿ ಎಂಬ ಉಕ್ಕಿನ ಊರಿನಲ್ಲಿ ಕಂಡರು. ಲುಯಿಜಿ ತ್ರಾಸ್ತುಲ್ಲಿ ಎಂಬ ಕಾರ್ಮಿಕ ಪೊಲೀಸರ ಕೈಯಲ್ಲಿ ಸತ್ತದ್ದು 1949ರಲ್ಲಿ, ನ್ಯಾಟೊ ವಿರುದ್ಧದ ಮೆರವಣಿಗೆಯಲ್ಲಿ. ಊರಿನ ಎಷ್ಟೋ ಕಾರ್ಮಿಕರ ನೆನಪಿನಲ್ಲಿ ಅವನು ಸತ್ತದ್ದು 1953ರಲ್ಲಿ, ಸಾಮೂಹಿಕ ವಜಾ ವಿರೋಧಿಸಿದ ಹೋರಾಟದಲ್ಲಿ. ಪೋರ್ತೆಲ್ಲಿ ಇದನ್ನು ತಪ್ಪೆಂದು ಎಸೆಯಲಿಲ್ಲ. ಆ ಸಾವು ಅವರಿಗೆ ಏನಾಗಿ ಕಂಡಿತು ಎಂಬುದರ ಸಾಕ್ಷ್ಯ ಆ ತಪ್ಪಿನಲ್ಲೇ ಇದೆ ಎಂದರು. ಪೀಣ್ಯದವರು ಮೂರನ್ನು ಒಂದಾಗಿ ಹೇಳುವುದರ ಅರ್ಥವೂ ಹಾಗೆಯೇ: ಅವರ ಪಾಲಿಗೆ ಕೊರೊನಾ ಬಂದು ಹೋದ ಕಾಯಿಲೆಯಷ್ಟೇ ಆಗಿರಲಿಲ್ಲ, ಆಗಲೇ ಸೋತಿದ್ದ ಶೆಡ್ಡಿಗೆ ಬಿದ್ದ ಕೊನೆಯ ಪೆಟ್ಟಾಗಿತ್ತು.

ಮರೆವು ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಬೆಳೆಸಿತು, ಪ್ಲೇಗಮ್ಮನ ಗುಡಿಗಳನ್ನು ಬಿಟ್ಟುಹೋಯಿತು, ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡ ಕತೆಗಳನ್ನು ಅಜ್ಜಿಯರ ಬಾಯಲ್ಲಿ ಉಳಿಸಿತು, ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ ಅಗ್ರಹಾರದೊಳಗೂ ಬಂತು. 1918ರ ಇನ್‌ಫ್ಲುಯೆನ್ಜಾ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದರೂ ಅದಕ್ಕೆ ಗುಡಿಯೂ ಇಲ್ಲ, ಬಡಾವಣೆಯೂ ಇಲ್ಲ, ಕತೆಯೂ ಕಡಿಮೆ. ಎರಡಕ್ಕೂ ಇರುವ ವ್ಯತ್ಯಾಸ ನನಗೆ ಕಾಣುವುದು ಹೀಗೆ: ಪ್ಲೇಗು ನೆಲದ ಮೇಲೆ ಗುರುತು ಬಿಟ್ಟಿತು, ಜ್ವರ ಬಿಡಲಿಲ್ಲ. ಜಾಗಕ್ಕೆ ಅಂಟದ ನೆನಪು ತಲೆಮಾರು ದಾಟುವುದು ಕಷ್ಟ. ಕಾಸರಗೋಡಿನ ಕನ್ನಡಿಗರನ್ನು ಕೇಳಿ, ಅವರಿಗೆ 2020 ಎಂದರೆ ತಲಪಾಡಿ. ಅಲ್ಲಿ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಗಳು ದಾರಿಯಲ್ಲೇ ಉಳಿದರು. ಆ ಹೆಸರು ಹೇಳಿದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ.

ನಮ್ಮ ಹೊರವಲಯದಲ್ಲಿ ಅಂಥ ಜಾಗಗಳಿಗೇನೂ ಬರವಿಲ್ಲ. ಮೇ 2020ರಲ್ಲಿ ಕಾರ್ಮಿಕರು ಬೀಡುಬಿಟ್ಟಿದ್ದ ಆ ವಸ್ತುಪ್ರದರ್ಶನ ಕೇಂದ್ರವೇ ಎರಡು ತಿಂಗಳ ಬಳಿಕ 10,100 ಹಾಸಿಗೆಯ ಕೋವಿಡ್ ಆರೈಕೆ ಕೇಂದ್ರವೆಂದು ಸುದ್ದಿಯಾಗಿ, ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಈಗ ಅದರ ಬಾಗಿಲಿಗೇ ಮಾದಾವರ ಮೆಟ್ರೊ ನಿಲ್ದಾಣವಿದೆ. ವೈಟ್‌ಫೀಲ್ಡ್ ಮೆಟ್ರೊ ಉದ್ಘಾಟನೆಯಾದದ್ದು 2023ರ ಮಾರ್ಚ್ 25, ಲಾಕ್‌ಡೌನಿನ ಮೊದಲ ದಿನಕ್ಕೆ ಸರಿಯಾಗಿ ಮೂರು ವರ್ಷ. ಎಲೆಕ್ಟ್ರಾನಿಕ್ ಸಿಟಿಗೆ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಬಂತು. ಈ ಮಾರ್ಗಗಳ ಕಂಬ ಎತ್ತಿದವರಲ್ಲಿ 2020ರಲ್ಲಿ ಲೇಬರ್ ಶೆಡ್ಡುಗಳಲ್ಲಿ ಸಿಕ್ಕಿಕೊಂಡವರಿದ್ದರು. ಯಾವ ನಿಲ್ದಾಣದ ಗೋಡೆಯ ಮೇಲೂ ಅವರ ಬಗ್ಗೆ ಒಂದು ಸಾಲನ್ನು ನಾನು ಕಂಡಿಲ್ಲ.

ಬೇರೆಡೆ ಏನು ಮಾಡಿದ್ದಾರೆ? ಇಟಲಿಯ ಬೆರ್ಗಾಮೊ ಪೀಣ್ಯದಂತೆಯೇ ಕಾರ್ಖಾನೆಗಳ ಸೀಮೆ. ಅಲ್ಲಿ ಕೆಲಸ ನಿಲ್ಲಿಸಲು ತಡಮಾಡಿದ್ದು ಇವತ್ತಿಗೂ ಗಾಯ. 2020ರ ಮಾರ್ಚ್ 18ರಂದು ಸೇನೆಯ ಟ್ರಕ್ಕುಗಳು ಅಲ್ಲಿಂದ ಶವಪೆಟ್ಟಿಗೆಗಳನ್ನು ಒಯ್ದವು. ಆ ದಿನವನ್ನು ಇಟಲಿ ರಾಷ್ಟ್ರೀಯ ಸ್ಮರಣೆಯ ದಿನವಾಗಿ ಕಾನೂನಿನಿಂದಲೇ ಗುರುತಿಸಿದೆ. ಲಂಡನ್ನಿನಲ್ಲಿ ಸಂಸತ್ತಿನ ಎದುರು ದಡದ ಗೋಡೆಯ ಮೇಲೆ, ಮಡಿದವರ ಕುಟುಂಬದವರೇ 2021ರ ಮಾರ್ಚ್‌ನಿಂದ ಒಬ್ಬೊಬ್ಬರಿಗೆ ಒಂದೊಂದು ಕೆಂಪು ಹೃದಯ ಬರೆದರು. ನಮ್ಮಲ್ಲಿ ಸರ್ಕಾರ ಪರಿಹಾರಧನ ಕೊಟ್ಟಿತು, ಅನಾಥ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿಯ ಬಾಲ ಸೇವಾ ಯೋಜನೆ ತಂದಿತು. ಖರೀದಿ ಅಕ್ರಮಗಳ ತನಿಖೆಗೆ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹ ಆಯೋಗ ನೇಮಕವಾಯಿತು. ಇವು ಬೇಕು. ಹಣದ ಲೆಕ್ಕ ಕೇಳುವ ಆಯೋಗವಿರುವಾಗ ನಡೆದವರ ಮಾತು ಕೇಳುವ ಆಯೋಗವೂ ಒಂದು ಇರಬೇಕು ಎಂಬುದಷ್ಟೇ ನನ್ನ ವಾದ.

ಮರೆಯುವುದೇ ಒಳ್ಳೆಯದು ಎನ್ನುವವರಿದ್ದಾರೆ. ತಾಯಿಯ ಮುಖ ನೋಡದೆ ಪ್ಲಾಸ್ಟಿಕ್ ಚೀಲಕ್ಕೆ ಕೈಮುಗಿದ ಮಗ ಮತ್ತೆ ಅದನ್ನು ನೆನೆಯಲಾರೆ ಎಂದರೆ ಅದು ಅವನ ಹಕ್ಕು, ಗೌರವಿಸಬೇಕು. ಆದರೆ ರಾಯಚೂರಿನ ಕೂಲಿಯವನನ್ನು ಯಾರೂ ಕೇಳಿಯೇ ಇಲ್ಲ. ಅವನ ಮೌನ ಅವನ ಆಯ್ಕೆ ಎಂದು ಹೇಳಲು ನಮಗೆ ಯಾವ ಆಧಾರವೂ ಇಲ್ಲ.

ಮಾಡಬೇಕಾದ ಕೆಲಸಕ್ಕೆ ಅವಸರವೂ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿವೆ. ಕೂಡ್ಲು, ಪಣತ್ತೂರು, ಪೀಣ್ಯ ಚಿತಾಗಾರಗಳ ರಿಜಿಸ್ಟರ್‌ಗಳು, ವಾರ್ ರೂಮ್ ಕರೆಗಳ ದಾಖಲೆ, ಸೀಲ್‌ಡೌನ್ ಬೀದಿಗಳ ಪಟ್ಟಿ ಕಚೇರಿ ಬದಲಾಗುವ ಗಡಿಬಿಡಿಯಲ್ಲಿ ಗುಜರಿ ಸೇರದಂತೆ ರಾಜ್ಯ ಪತ್ರಾಗಾರ ಈಗಲೇ ಕೈಗೆತ್ತಿಕೊಳ್ಳಬೇಕು. ಊರಿಗೆ ಹೋಗಲು ಸೇವಾ ಸಿಂಧು ಪೋರ್ಟಲ್‌ನಲ್ಲಿ ಹೆಸರು ಬರೆಸಿದವರ ವಿವರ ಸರ್ಕಾರದ ಬಳಿಯೇ ಇರಬೇಕು. ಗುಟ್ಟು ಕಾಪಾಡಿಕೊಂಡೇ ಆ ಪಟ್ಟಿಯಿಂದ ಯಾವ ತಾಲ್ಲೂಕಿಗೆ ಎಷ್ಟು ಮಂದಿ ಹೋದರೆಂದು ತೆಗೆಯಬಹುದು. ಆಮೇಲೆ ಕಾಲೇಜು ಹುಡುಗರು ಫೋನ್ ಹಿಡಿದು ಹೊರಡಬೇಕು. ಕೃಷ್ಣರಾಜಪುರದಿಂದ, ದಾಸರಹಳ್ಳಿಯಿಂದ, ಬೊಮ್ಮನಹಳ್ಳಿಯಿಂದ. ಕೇಳಬೇಕಾದವು ಸಣ್ಣ ಪ್ರಶ್ನೆಗಳು: ಕೊನೆಯ ಸಂಬಳ ಯಾವಾಗ ಬಂತು, ಬಾಡಿಗೆಗೆ ಏನು ಬಿಟ್ಟುಬಂದಿರಿ, ದಾರಿಯಲ್ಲಿ ಅನ್ನ ಹಾಕಿದವರು ಯಾರು, ಊರ ಬೇಲಿ ಯಾವತ್ತು ತೆಗೆದರು. ಉತ್ತರವನ್ನು ಹೇಳಿದವರ ಮಾತಿನಲ್ಲೇ ಬರೆಯಬೇಕು, ಮೈಸೂರು ಕನ್ನಡಕ್ಕೆ ತಿದ್ದಬಾರದು. ಒಡಿಯಾದಲ್ಲಿ, ಹಿಂದಿಯಲ್ಲಿ, ತಮಿಳಿನಲ್ಲಿ ಹೇಳುವವರಿಗೆ ಅವರವರ ಭಾಷೆ. ಮೊದಲು ಹೋಗಬೇಕಾದದ್ದು ಸಿಂಧನೂರು, ಮಸ್ಕಿ, ಸುರಪುರ, ಶಹಾಪುರದ ಕಡೆಗೆ. 2020ರಲ್ಲಿ ಹಾಗೆ ಹೋದವರಲ್ಲಿ ಎಷ್ಟೋ ಮಂದಿ ಮತ್ತೆ ಪೀಣ್ಯಕ್ಕೆ ಬಂದಿಲ್ಲ.